ಅಪ್ಪನಿಗೆ ಗ್ಲಾಕೋಮಾ, ನಮಗೆ ಕಣ್ಣು ಸರಿಯೇ ಕಾಣ್ತದೆ. ಆದ್ರೂ ಟೆಸ್ಟ್ ಮಾಡಿಸಬೇಕಾ?

ಕಾಪು ಕಡಲು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಸಹಿಸಿಕೊಳ್ಳಿ.

ಅಪ್ಪನಿಗೆ 63. ಎಡಗಣ್ಣು ಮಂಜು ಅಂತ ಹೇಳ್ತಾ ಇದ್ದರು, ಪೊರೆ ಬಂದಿರಬೇಕು ಅಂತ ಉಡುಪಿಗೆ ಕರ್ಕೊಂಡು ಹೋದೆವು. ಪೊರೆ ಇರುವುದು ಹೌದು, ಅದು ಸಣ್ಣ ವಿಷಯ, ದೊಡ್ಡದು ಗ್ಲಾಕೋಮಾ ಅಂದರು ಡಾಕ್ಟರು. ಎಡಗಣ್ಣಿನ ನರ ಮುಕ್ಕಾಲು ಪಾಲು ಹೋಗಿದೆ, ಬಲಗಣ್ಣಿನದ್ದೂ ಸುರುವಾಗಿದೆ. ಹೋದದ್ದು ವಾಪಸ್ ಬರುವುದಿಲ್ಲವಂತೆ. ಇದ್ದದ್ದನ್ನು ಉಳಿಸಲಿಕ್ಕೆ ದಿನಾ ರಾತ್ರಿ ಡ್ರಾಪ್ಸ್. ನಮಗೆ ನಂಬ್ಲಿಕ್ಕೇ ಆಗ್ಲಿಲ್ಲ, ಯಾಕೆಂದರೆ ಅಪ್ಪ ಮೊನ್ನೆಯವರೆಗೆ ಪೇಟೆಗೆ ಸ್ಕೂಟರಲ್ಲೇ ಹೋಗ್ತಾ ಇದ್ದವರು, ಪೇಪರ್ ಪೂರ್ತಿ ಓದುವವರು.

ಹೊರಡುವಾಗ ಡಾಕ್ಟರು ‘ಮಕ್ಕಳೆಷ್ಟು’ ಅಂತ ಕೇಳಿದರು. ಮೂವರು ಅಂದೆ. ‘ಮೂವರೂ ಒಮ್ಮೆ ತೋರಿಸಿ’ ಅಂದರು. ನನಗೆ 38, ತಮ್ಮನಿಗೆ 35, ತಂಗಿಗೆ 31. ಯಾರಿಗೂ ಕನ್ನಡಕ ಇಲ್ಲ. ತಮ್ಮ ಅಂತೂ ‘ನಂಗೆ ಹೆಜಮಾಡಿ ಟೋಲಿನ ಬೋರ್ಡು ದೂರದಿಂದಲೇ ಕಾಣ್ತದೆ, ನಂಗೆಂತ ಟೆಸ್ಟು’ ಅಂತ ನಗಾಡ್ತಾನೆ.

ಸರಿ ಕಾಣುವವರು ಕಣ್ಣಿನ ಡಾಕ್ಟರ ಹತ್ರ ಹೋಗಿ ಎಂತ ಹೇಳುವುದು? ಅನುಭವ ಇದ್ದವರು ತಿಳಿಸಿ.

ಬಿಜೈ ಬೇತಾಳ

ಒಬ್ಬ ಪೇಷಂಟ್ ಬಂದ್ರೆ ಮೂವರು ಹೊಸ ಪೇಷಂಟ್. ವ್ಯವಹಾರ ಜೋರುಂಟು. ನಮ್ಮ ಜಿಲ್ಲೆಯಲ್ಲಿ ಬಸ್‌ಸ್ಟಾಪಿಗೊಂದು ಆಸ್ಪತ್ರೆ, ಎಲ್ಲವೂ ನಡೆಯಬೇಕಲ್ಲ! ಮೊದಲು ಕಣ್ಣು ಟೆಸ್ಟ್, ಮತ್ತೆ ಸ್ಕ್ಯಾನ್, ಮತ್ತೆ ಇನ್ನೊಂದು ಮಿಷನ್, ಹೊರಗೆ ಬರುವಾಗ ಕನ್ನಡಕದಂಗಡಿ. ಕಂಡರೆ ಕಂಡಿತು, ಕಾಣದಿದ್ದರೆ ಹೋಗುವುದು. ಅಷ್ಟೆ.

ನೀರ್‌ದೋಸೆ

ಬೇತಾಳರೇ, ಅವರ ಅಪ್ಪನೂ ಹಾಗೆಯೇ ಅಂದ್ಕೊಂಡಿದ್ದದ್ದು ಅಲ್ವಾ?

ಆರು ಬೈ ಆರು

ನಾನು ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷೆ ಮಾಡುವವ. ಮಣಿಪಾಲದಲ್ಲಿ ಓದಿದ್ದು, ಈಗ ಮಂಗಳೂರಲ್ಲಿ ಕೆಲಸ. ಡಾಕ್ಟರಲ್ಲ, ಅದನ್ನು ಮೊದಲೇ ಹೇಳಿಬಿಡ್ತೇನೆ. ಬೇತಾಳರ ಸಿಟ್ಟಿನಲ್ಲಿ ಅರ್ಥ ಇಲ್ಲದಿಲ್ಲ, ಅದಕ್ಕೆ ಆಮೇಲೆ ಬರ್ತೇನೆ.

ಕಾಪುವಿನವರೇ, ಮೂವರೂ ಹೋಗಬೇಕು. ತಂದೆ ತಾಯಿಗೋ ಒಡಹುಟ್ಟಿದವರಿಗೋ ಗ್ಲಾಕೋಮಾ ಇದ್ದರೆ ನಮಗೆ ಬರುವ ಸಂಭವ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು.

ಇನ್ನು ‘ಸರಿ ಕಾಣ್ತದೆ’ ಅನ್ನುವ ಮಾತು. ಕಣ್ಣಿನ ಒಳಗೆ ತೆಳುವಾದ ಒಂದು ದ್ರವ ಹುಟ್ಟುತ್ತಾ ಇರ್ತದೆ, ಹರಿದು ಹೋಗ್ತಾ ಇರ್ತದೆ. ಹೋಗುವ ದಾರಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ, ಕಣ್ಣಿನ ಹಿಂದಿನ ನರ ಸ್ವಲ್ಪ ಸ್ವಲ್ಪವಾಗಿ ಸಾಯುತ್ತದೆ. ಹೆಚ್ಚಿನವರಲ್ಲಿ ನೋವಿಲ್ಲ, ಕೆಂಪಾಗುವುದಿಲ್ಲ, ನೀರು ಬರುವುದಿಲ್ಲ. ಮೊದಲು ಹೋಗುವುದು ಬದಿಯ ದೃಷ್ಟಿ. ನೇರಕ್ಕೆ ನೋಡುವ ದೃಷ್ಟಿ ಕೊನೆಯವರೆಗೂ ಉಳಿದಿರುತ್ತದೆ. ಅಪ್ಪನಿಗೆ ಪೇಪರ್ ಓದಲಿಕ್ಕೆ ಆಗ್ತಾ ಇದ್ದದ್ದು ಹಾಗಾಗಿ. ಒಂದು ಕಣ್ಣಲ್ಲಿ ಅಳಿಸಿ ಹೋದ ಜಾಗವನ್ನು ಇನ್ನೊಂದು ಕಣ್ಣು ನೋಡಿಕೊಳ್ಳುತ್ತದೆ. ಎರಡರಲ್ಲೂ ಹೋದ ಕಡೆ ಮಿದುಳು ಸುತ್ತಮುತ್ತಲಿನ ಬಣ್ಣವನ್ನೇ ಎಳೆದು ಮುಚ್ಚಿಬಿಡುತ್ತದೆ. ಕಪ್ಪು ಕಲೆ ಅಂತ ಎಂತದೂ ಕಾಣುವುದಿಲ್ಲ, ಹಾಗಾಗಿ ಯಾರೂ ದೂರು ಹೇಳಿಕೊಂಡು ಬರುವುದಿಲ್ಲ. ದಕ್ಷಿಣ ಭಾರತದಲ್ಲಿ ಮನೆ ಮನೆಗೆ ಹೋಗಿ ಮಾಡಿದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಸಿಕ್ಕಿದವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಗೆ ಅದು ಇದೆ ಅಂತಲೇ ಗೊತ್ತಿರಲಿಲ್ಲ.

ತಮ್ಮನಿಗೆ ಟೋಲಿನ ಬೋರ್ಡು ಕಾಣುವುದು, ನಾವು 6 ಮೀಟರ್ ದೂರದಲ್ಲಿ ಗೋಡೆಯ ಅಕ್ಷರ ಓದಿಸುವುದು, ಎರಡೂ ಅಳೆಯುವುದು ನಡುವಿನ ದೃಷ್ಟಿಯನ್ನು ಮಾತ್ರ. ಅದರಲ್ಲಿ ನೂರಕ್ಕೆ ನೂರು ತೆಗೆದವನಿಗೂ ಗ್ಲಾಕೋಮಾ ಇರಬಹುದು.

ಕುಂದಾಪ್ರ ಗಂಡ್

ಹ್ವಾಯ್, ನಮ್ಮ ಅಜ್ಜಯ್ಯಂಗೂ ಹೀಂಗೇ ಆದ್ದ್ ಕಾಣಿ. (ಎಲ್ಲರಿಗೂ ಅರ್ಥ ಆಗ್ಲಿ ಅಂತ ಪೇಟೆ ಕನ್ನಡದಲ್ಲೇ ಬರಿತೆ.)

ಅವರು ಬಾಗಿಲಿನ ದಾರಂದಕ್ಕೆ ಭುಜ ಬಡ್ಕೊಳ್ತಾ ಇದ್ದರು. ಬದಿಯಲ್ಲಿ ನಿಂತು ಮಾತಾಡಿಸಿದರೆ ಬೆಚ್ಚಿ ಬೀಳ್ತಿದ್ದರು. ಊಟಕ್ಕೆ ಕೂತರೆ ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿ ಹಾಗೇ ಉಳಿಯುತ್ತಿತ್ತು, ಉಪ್ಪಿನಕಾಯಿ ಬಿಟ್ಟಿದ್ದಾರೆ ಅಂತ ಅಜ್ಜಿ ಬಡಿಸುವುದನ್ನೇ ನಿಲ್ಲಿಸಿದರು! ಕಿವಿ ಮಂದ ಆಗಿದೆ, ಪ್ರಾಯ ಆಯ್ತು ಅಂತ ನಾವು. ಟಿವಿಯಲ್ಲಿ ಯಕ್ಷಗಾನ ಹಾಕಿದರೆ ಯಾವ ವೇಷ ಅಂತ ಸರಿಯಾಗಿ ಹೇಳ್ತಿದ್ದರು, ಹಾಗಾಗಿ ಕಣ್ಣಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಜಗಲಿಯ ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿದು ಆಸ್ಪತ್ರೆ ಸೇರಿದಾಗ ಅಲ್ಲಿಯವರೇ ಕಣ್ಣಿನ ವಿಭಾಗಕ್ಕೆ ಕಳಿಸಿದ್ದು.

ಕಾಪು ಕಡಲು

ಅಯ್ಯೋ, ಎಡಬದಿಯ ವಸ್ತು ತಾಗಿಸಿಕೊಳ್ಳುವುದು ನಮ್ಮಪ್ಪನದ್ದೂ ಉಂಟು. ಸ್ಕೂಟರಿನ ಎಡಗಡೆಯ ಕನ್ನಡಿ ಎರಡು ಸಲ ಒಡೆದಿದೆ. ನಾವು ಗೇಟಿಗೆ ಬೈದೆವು.

ಆರು ಬೈ ಆರು ಅವರೇ, ಅಪ್ಪನಿಗೆ ಬಿಪಿ ಇಲ್ಲ. ಮತ್ತೆ ಕಣ್ಣಿನ ಪ್ರೆಶರ್ ಹೇಗೆ?

ಆರು ಬೈ ಆರು

ಅದೂ ಇದೂ ಬೇರೆ. ಕೈಗೆ ಪಟ್ಟಿ ಕಟ್ಟಿ ನೋಡುವುದು ರಕ್ತದ ಒತ್ತಡ. ಕಣ್ಣಿನದ್ದನ್ನು ಕಣ್ಣಿನಲ್ಲೇ ಅಳೆಯಬೇಕು: ಕೆಲವು ಕಡೆ ಫೂ ಅಂತ ಗಾಳಿ ಬಿಡುವ ಯಂತ್ರ, ಕೆಲವು ಕಡೆ ಮರಗಟ್ಟುವ ಡ್ರಾಪ್ಸ್ ಹಾಕಿ ನೀಲಿ ಬೆಳಕಿನಲ್ಲಿ ಮುಟ್ಟಿ ನೋಡುವುದು. ಸಾಮಾನ್ಯವಾಗಿ 10ರಿಂದ 21 ಅಂತ ಲೆಕ್ಕ. ಆದರೆ 16 ಇದ್ದವರಿಗೂ ನರ ಹಾಳಾದದ್ದುಂಟು, 24 ಇದ್ದು ವರ್ಷಗಟ್ಟಲೆ ಎಂತದೂ ಆಗದವರೂ ಇದ್ದಾರೆ. ಕರಿಗುಡ್ಡೆಯ ಮೇಲಿನ ಪದರ ದಪ್ಪ ಇದ್ದರೆ ಅಂಕಿ ಹೆಚ್ಚು ತೋರಿಸ್ತದೆ, ತೆಳು ಇದ್ದರೆ ಕಮ್ಮಿ. ಹಾಗಾಗಿ ಪ್ರೆಶರ್ ಒಂದನ್ನೇ ನೋಡಿ ‘ನಿಮಗಿಲ್ಲ’ ಅಂದರೆ ನಂಬಬೇಡಿ. ನರವನ್ನು ನೋಡಬೇಕು, ಸಂಶಯ ಬಂದರೆ ಫೀಲ್ಡ್ ಟೆಸ್ಟ್ ಮಾಡಬೇಕು. ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು ನಡುವಿನ ಚುಕ್ಕೆಯನ್ನೇ ನೋಡ್ತಾ, ಬದಿಯಲ್ಲಿ ಬೆಳಕು ಮಿನುಗಿದಾಗೆಲ್ಲ ಬಟನ್ ಒತ್ತುವುದು. ಬೋರ್ ಹೊಡೆಸುವ ಟೆಸ್ಟ್, ಅರ್ಧದಲ್ಲಿ ನಿದ್ದೆ ಹೋಗುವವರಿದ್ದಾರೆ. ಆದರೆ ಬದಿಯ ದೃಷ್ಟಿ ಎಲ್ಲಿ ಎಷ್ಟು ಹೋಗಿದೆ ಅಂತ ಹೇಳುವುದು ಅದೇ.

ಅಪ್ಪನ ಡ್ರಾಪ್ಸ್ ಬಗ್ಗೆ ಒಂದು ಮಾತು: ಒಂದೇ ಹನಿ ಸಾಕು. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಲಿ. ಇಲ್ಲದಿದ್ದರೆ ಮದ್ದು ಮೂಗಿಗೆ ಇಳಿದು ಹೋಗ್ತದೆ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ‘ಹಾಕಿದರೂ ದೃಷ್ಟಿ ಏನೂ ಸುಧಾರಿಸಲಿಲ್ಲ’ ಅಂತ ಬಿಡುವವರೇ ಜಾಸ್ತಿ. ಅದು ಸುಧಾರಿಸಲಿಕ್ಕೆ ಇರುವ ಮದ್ದೇ ಅಲ್ಲ ಅಂತ ಮನೆಯವರು ಆಗಾಗ ನೆನಪು ಮಾಡ್ತಾ ಇರಬೇಕು.

ಬಂಟ್ವಾಳದ ಸೊಸೆ

ಗ್ಲಾಕೋಮಾ ಬಿಟ್ಟು ಬೇರೆ ಮಾತಾಡಬಹುದಾ? ನಮ್ಮ ಅತ್ತೆ ಬೀಡಿ ಕಟ್ಟುವವರು. ನಲವತ್ತೈದರ ನಂತರ ಬ್ರಾಂಚಿನಲ್ಲಿ ಅವರ ಬೀಡಿ ಜಾಸ್ತಿ ತಿರಸ್ಕಾರ ಆಗ್ಲಿಕ್ಕೆ ಸುರುವಾಯ್ತು. ತುದಿ ಮಡಚುವುದು ಸರಿ ಆಗ್ತಿರಲಿಲ್ಲ, ನೂಲು ಸಡಿಲ. ಕೈ ಸೋತಿದೆ ಅಂತ ಅವರೇ ತೀರ್ಮಾನ ಮಾಡಿ ಕೆಲಸ ಬಿಡುವ ಯೋಚನೆಯಲ್ಲಿದ್ದರು. ಮೈದುನ ಜಾತ್ರೆಯಲ್ಲಿ ಒಂದು ರೆಡಿಮೇಡ್ ಚಾಳೀಸು ತಂದುಕೊಟ್ಟ. ಅಷ್ಟೇ, ಮೊದಲಿನ ಹಾಗೆ ಕಟ್ತಾರೆ!

ನನ್ನ ಪ್ರಶ್ನೆ, ಆ ಜಾತ್ರೆ ಕನ್ನಡಕದಿಂದ ಕಣ್ಣು ಹಾಳಾಗ್ತದಾ? ಕೆಲವರು ಹಾಗೆ ಹೆದರಿಸ್ತಾರೆ.

ಆರು ಬೈ ಆರು

ಹಾಳಾಗುವುದಿಲ್ಲ. ಎರಡು ಕಣ್ಣಿಗೂ ಒಂದೇ ಪವರ್ ಇರ್ತದೆ, ನಿಮ್ಮ ಅತ್ತೆಯ ಎರಡು ಕಣ್ಣು ಹಾಗೆ ಇಲ್ಲದಿದ್ದರೆ ತಲೆನೋವು ಬರಬಹುದು, ಅಷ್ಟೆ. ನಲವತ್ತರ ನಂತರ ಹತ್ತಿರದ್ದು ಮಸುಕಾಗುವುದು ರೋಗವೂ ಅಲ್ಲ, ಕಣ್ಣೊಳಗಿನ ಮಸೂರ ಗಡುಸಾಗುವುದರಿಂದ ಎಲ್ಲರಿಗೂ ಬರುವಂಥದ್ದು. ನೀವು ಹೇಳಿದ್ದನ್ನೇ ಅಸ್ಸಾಮಿನ ಚಹಾ ತೋಟದಲ್ಲಿ ಅಳೆದು ನೋಡಿದ್ದಾರೆ. ನಲವತ್ತು ದಾಟಿದ ಕೆಲಸದವರಲ್ಲಿ ಅರ್ಧ ಮಂದಿಗೆ ಹತ್ತಿರದ ಕನ್ನಡಕ ಮೊದಲೇ ಕೊಟ್ಟರು, ಉಳಿದವರಿಗೆ ಆಮೇಲೆ. ಕನ್ನಡಕ ಸಿಕ್ಕಿದವರು ಕೊಯ್ಯುವ ಎಲೆ ಉಳಿದವರಿಗಿಂತ ಸುಮಾರು 22 ಶೇಕಡಾ ಹೆಚ್ಚಾಯ್ತು. 2018ರಲ್ಲಿ ಪ್ರಕಟವಾದ ಲೆಕ್ಕ ಅದು. ನಮ್ಮಲ್ಲಿ ಬೀಡಿಯವರು, ಟೈಲರುಗಳು, ಮಲ್ಲಿಗೆ ಕಟ್ಟುವವರು ಎಷ್ಟು ಮಂದಿ ಇದ್ದಾರೆ, ಯೋಚಿಸಿ.

ಆದರೆ ನನಗೆ ಆ ಜಾತ್ರೆ ಕನ್ನಡಕದ ಮೇಲೆ ಒಂದೇ ಒಂದು ಸಿಟ್ಟು. ಅದು ಸಿಕ್ಕಿದ ಮೇಲೆ ಯಾರೂ ಆಸ್ಪತ್ರೆಗೆ ಬರುವುದಿಲ್ಲ. ಹಿಂದಿನವರು ಚಾಳೀಸಿಗಾಗಿಯಾದರೂ ನಲವತ್ತರ ಹೊತ್ತಿಗೆ ಒಮ್ಮೆ ಬರ್ತಿದ್ದರು, ಆಗ ಪ್ರೆಶರ್ ನೋಡ್ತಿದ್ದರು, ನರ ನೋಡ್ತಿದ್ದರು. ಅತ್ತೆಯ ಹಳೆ ಕನ್ನಡಕ ಇರಲಿ. ಒಮ್ಮೆ ಕಣ್ಣಿನ ಹಿಂಭಾಗ ತೋರಿಸಿ.

ಬಿಜೈ ಬೇತಾಳ

ಆಯ್ತು, ಈಗ ನನ್ನ ಪಾಲಿಗೆ ಬನ್ನಿ. ನಾನು ಸುಮ್ಮನೆ ಬೊಬ್ಬೆ ಹೊಡೆಯುವವನಲ್ಲ, ಸ್ವಲ್ಪ ಓದಿಯೇ ಬಂದಿದ್ದೇನೆ. ಅಮೆರಿಕದಲ್ಲಿ ಇಂಥದ್ದನ್ನೆಲ್ಲ ತೂಗಿ ನೋಡುವ ತಜ್ಞರ ಕಾರ್ಯಪಡೆ ಉಂಟು. ತೊಂದರೆ ಇಲ್ಲದ ವಯಸ್ಕರನ್ನೆಲ್ಲ ಗ್ಲಾಕೋಮಾಕ್ಕಾಗಿ ಜಾಲಾಡುವುದರಿಂದ ಲಾಭ ಹೆಚ್ಚೋ ನಷ್ಟ ಹೆಚ್ಚೋ ಹೇಳಲಿಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂತ 2022ರಲ್ಲಿ ಅವರೇ ಬರೆದಿದ್ದಾರೆ. ಇದಕ್ಕೆ ಎಂತ ಹೇಳ್ತೀರಿ? ಇಲ್ಲದ ರೋಗಕ್ಕೆ ಡ್ರಾಪ್ಸ್ ಹಾಕಿಸಿಕೊಂಡು ತಿರುಗುವವರನ್ನು ನಾನು ನೋಡಿದ್ದೇನೆ.

ಆರು ಬೈ ಆರು

ನೀವು ಓದಿದ್ದು ಸರಿ. ಆದರೆ ಪುರಾವೆ ಸಾಲದು ಅಂದದ್ದು ‘ಮಾಡಬೇಡಿ’ ಅಂದಂತೆ ಅಲ್ಲ. ಎರಡನೆಯದು, ಅದು ಎಲ್ಲರನ್ನೂ ಸಾಲಲ್ಲಿ ನಿಲ್ಲಿಸುವ ಬಗ್ಗೆ. ಇಲ್ಲಿ ಪ್ರಶ್ನೆ ಕೇಳಿದವರ ತಂದೆಗೆ ರೋಗ ಉಂಟು. ಅದು ಬೇರೆ ಲೆಕ್ಕ.

‘ಎಲ್ಲರೂ ಪ್ರತಿವರ್ಷ ಬನ್ನಿ’ ಅನ್ನುವ ಬೋರ್ಡು ನನಗೂ ಇಷ್ಟವಿಲ್ಲ. 25ರ ಹುಡುಗ, ಕನ್ನಡಕ ಇಲ್ಲ, ಶುಗರ್ ಇಲ್ಲ, ಮನೆಯಲ್ಲಿ ಯಾರಿಗೂ ಕಣ್ಣಿನ ರೋಗ ಇಲ್ಲ ಅಂದರೆ ವರ್ಷ ವರ್ಷ ಬಂದು ಮಾಡುವುದು ಎಂತದೂ ಇಲ್ಲ. ನಲವತ್ತಕ್ಕೆ ಒಮ್ಮೆ ಪೂರ್ತಿ ಪರೀಕ್ಷೆ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ, ಅರವತ್ತೈದರ ನಂತರ ಒಂದೆರಡು ವರ್ಷಕ್ಕೊಮ್ಮೆ. ಶುಗರ್ ಇದ್ದವರು ಮಾತ್ರ ವರ್ಷ ತಪ್ಪಿಸಬಾರದು. ಸಂಧಿವಾತಕ್ಕೋ ಲೂಪಸ್‌ಗೋ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ತಿನ್ನುವವರದ್ದೂ ಬೇರೆ, ಆ ಮಾತ್ರೆ ವರ್ಷಗಟ್ಟಲೆ ತಿಂದರೆ ರೆಟಿನಾಕ್ಕೆ (ಕಣ್ಣಿನ ಹಿಂದಿನ ಪರದೆ) ತೊಂದರೆ ಆಗುವುದುಂಟು; ಸುರು ಮಾಡುವಾಗ ಒಮ್ಮೆ, ಐದು ವರ್ಷ ಆದ ಮೇಲೆ ವರ್ಷ ವರ್ಷ ನೋಡಿಸಬೇಕು.

ಸುರತ್ಕಲ್ ಸಕ್ಕರೆ

ಹೆಸರೇ ಹೇಳ್ತದೆ, ನನ್ನದು ಶುಗರ್. ಕಂಪನಿಯ ಮೆಡಿಕಲ್ ಚೆಕಪ್ಪಿನಲ್ಲಿ ಎರಡು ಕಣ್ಣೂ 6/6, ಅಂದರೆ ಅಕ್ಷರ ಓದುವುದರಲ್ಲಿ ಪೂರ್ತಿ ಸರಿ. ಅದೇ ವಾರ ಶುಗರಿನ ಡಾಕ್ಟರು ಒತ್ತಾಯ ಮಾಡಿದರು ಅಂತ ಕಣ್ಣಿನ ಹಿಂದೆ ಫೋಟೋ ತೆಗೆಸಿದರೆ ಅಲ್ಲಲ್ಲಿ ರಕ್ತದ ಚುಕ್ಕೆ. ನನಗೆ ಎಂತದೂ ಗೊತ್ತಾಗ್ತಾ ಇರಲಿಲ್ಲ! ಕಣ್ಣಿನ ಡಾಕ್ಟರು ಆ ಫೋಟೋ ತೋರಿಸಿ, ‘ಮೈ ಕೊಯ್ಯದೆ ರಕ್ತನಾಳವನ್ನು ಕಣ್ಣಾರೆ ನೋಡಬಹುದಾದ ಜಾಗ ಇದೊಂದೇ, ಇಲ್ಲಿ ಹೀಗೆ ಆದರೆ ಕಿಡ್ನಿಯಲ್ಲಿ ಏನಾಗಿದೆ ಅಂತಲೂ ನೋಡಿಸಿ’ ಅಂದರು. ಆ ಮಾತು ನಾಟಿತು. ಶುಗರ್ ಹತೋಟಿಗೆ ತಂದೆ, ಈಗ ಹಾಗೇ ನಿಂತಿದೆ, ಲೇಸರ್ ಬೇಕಾಗಲಿಲ್ಲ.

ನಮ್ಮ ದೇಶದಲ್ಲಿ ಶುಗರಿನವರು 10 ಕೋಟಿ ದಾಟಿದ್ದಾರೆ ಅಂತ 2023ರ ಐಸಿಎಂಆರ್ ಅಧ್ಯಯನ ಹೇಳ್ತದೆ. ಅವರಲ್ಲಿ ಪಾದ ತೋರಿಸಿಕೊಳ್ಳುವವರೇ ಕಮ್ಮಿ, ಕಣ್ಣು ದೂರದ ಮಾತು.

ಒಂದು ಸೂಚನೆ: ಆ ದಿನ ಬೈಕ್ ತಕ್ಕೊಂಡು ಹೋಗಬೇಡಿ. ಡ್ರಾಪ್ಸ್ ಹಾಕಿ ಪಾಪೆ ದೊಡ್ಡ ಮಾಡ್ತಾರೆ, ನಾಲ್ಕೈದು ಗಂಟೆ ಹತ್ತಿರದ್ದು ಕಾಣುವುದಿಲ್ಲ, ನಮ್ಮ ಬಿಸಿಲಿಗೆ ಕಣ್ಣು ಬಿಡ್ಲಿಕ್ಕೇ ಆಗುವುದಿಲ್ಲ. ಬಸ್ಸಿನ ಬೋರ್ಡು ಓದಲಿಕ್ಕಾಗದೆ ಕಂಡಕ್ಟರ್ ಕೂಗುವುದನ್ನು ಕೇಳಿಯೇ ಹತ್ತಿದ್ದು ನಾನು.

ಕಾರ್ಕಳ ಟೀಚರ್

ಮಕ್ಕಳ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಶಾಲೆಯಲ್ಲಿ ಕಣ್ಣಿನ ತಪಾಸಣೆ ಮಾಡುವಾಗ ಮೂರನೇ ಕ್ಲಾಸಿನ ಒಂದು ಹುಡುಗಿಯ ಬಲಗಣ್ಣು ಮುಚ್ಚಿದರೆ ಸರಿಯಾಗಿ ಓದ್ತಾಳೆ, ಎಡಗಣ್ಣು ಮುಚ್ಚಿದ ಕೂಡಲೇ ನನ್ನ ಕೈ ದೂಡ್ತಾಳೆ. ತುಂಟತನ ಅಂದುಕೊಂಡೆ ಮೊದಲು. ಬಲಗಣ್ಣಲ್ಲಿ ಅವಳಿಗೆ ದೊಡ್ಡ ಅಕ್ಷರವೂ ಕಾಣ್ತಿರಲಿಲ್ಲ. ಸೋಮಾರಿ ಕಣ್ಣು ಅಂತಾರಲ್ಲ, ಅದು. ಒಂದು ಕಣ್ಣಿಗೆ ಪವರ್ ತುಂಬಾ ಜಾಸ್ತಿ ಇದ್ದದ್ದರಿಂದ ಮಿದುಳು ಆ ಕಣ್ಣನ್ನು ಬಳಸುವುದನ್ನೇ ಬಿಟ್ಟಿತ್ತು. ಕನ್ನಡಕ ಕೊಟ್ಟು ಒಳ್ಳೆ ಕಣ್ಣಿಗೆ ದಿನಾ ಸ್ವಲ್ಪ ಹೊತ್ತು ಪಟ್ಟಿ ಹಾಕಿಸಿದರು, ಬಹಳ ಸುಧಾರಿಸಿದೆ. ಏಳೆಂಟು ವರ್ಷದ ಒಳಗೆ ಸಿಕ್ಕಿದರೆ ಒಳ್ಳೆಯದು, ದೊಡ್ಡವರಾದ ಮೇಲೆ ಕಷ್ಟ ಅಂದರು. ಹುಟ್ಟಿನಿಂದ ಹಾಗೇ ಕಂಡ ಮಗುವಿಗೆ ದೂರು ಹೇಳಲಿಕ್ಕೆ ಎಂತ ಗೊತ್ತು? ಒಂದನೇ ಕ್ಲಾಸಿಗೆ ಸೇರಿಸುವ ಮೊದಲು ಒಂದೊಂದೇ ಕಣ್ಣು ಮುಚ್ಚಿ ನೋಡಿಸಿ.

ಮಲ್ಪೆ ಬಂದರು

ನಮ್ಮ ಬೋಟಿನವರಲ್ಲಿ ಹೆಚ್ಚಿನವರಿಗೆ ಮೂಗಿನ ಬದಿಯಿಂದ ಕರಿಗುಡ್ಡೆ ಕಡೆಗೆ ಮಾಂಸ ಬೆಳೆದಿರ್ತದೆ. ಎಲ್ಲರೂ ಅದನ್ನೇ ಪೊರೆ ಅನ್ನುವುದು. ಹೌದಾ?

ಆರು ಬೈ ಆರು

ಅಲ್ಲ. ಪೊರೆ ಕಣ್ಣಿನ ಒಳಗಿನ ಮಸೂರದಲ್ಲಿ ಬರುವುದು, ಇದು ಹೊರಗಿನದ್ದು. ಬಿಸಿಲು, ಗಾಳಿ, ನೀರಿನ ಮೇಲಿನ ಝಳಕ್ಕೆ ಬೆಳೆಯುತ್ತದೆ. ಕರಿಗುಡ್ಡೆಯ ನಡುವಿಗೆ ಬರದಿದ್ದರೆ ಸಾಮಾನ್ಯವಾಗಿ ಹಾಗೇ ಬಿಡಬಹುದು, ಆದರೆ ಒಮ್ಮೆ ತೋರಿಸಿಕೊಳ್ಳಿ. ಟೊಪ್ಪಿ ಮತ್ತು ಯುವಿ ತಡೆಯುವ ಕಪ್ಪು ಕನ್ನಡಕ ಹಾಕಿಕೊಂಡರೆ ಒಳ್ಳೆಯದು.

ಕಾಪು ಕಡಲು

ಎಲ್ಲರಿಗೂ ಧನ್ಯವಾದ. ನಾನು, ತಂಗಿ ಹೋಗುವುದು ಅಂತ ಮಾಡಿದ್ದೇವೆ. ತಮ್ಮ ಒಪ್ಪುವುದಿಲ್ಲ. ಅವನು ಕೆಂಪುಕಲ್ಲಿನ ಟಿಪ್ಪರ್ ಓಡಿಸುವುದು, ಧೂಳಿಗೆ ಕಣ್ಣು ತುರಿಸ್ತದೆ ಅಂತ ಅವನ ಹತ್ರ ಯಾವಾಗಲೂ ಒಂದು ಡ್ರಾಪ್ಸ್ ಉಂಟು. ‘ನಾನು ದಿನಾ ಕಣ್ಣಿಗೆ ಮದ್ದು ಬಿಡ್ತಾ ಇದ್ದೇನಲ್ಲ, ಇನ್ನೆಂತ’ ಅಂತಾನೆ.

ಆರು ಬೈ ಆರು

ಎಂತ ಡ್ರಾಪ್ಸ್? ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಇರುವ ಹೆಸರು ಹೇಳಿ. ಎಷ್ಟು ಸಮಯದಿಂದ?

ಕಾಪು ಕಡಲು

ಡೆಕ್ಸಾಮೆಥಾಸೋನ್ ಅಂತ ಉಂಟು, ಜೊತೆಗೆ ಇನ್ನೊಂದು ಹೆಸರು. 2023ರ ಮಳೆಗಾಲದಲ್ಲಿ ಎಲ್ಲರಿಗೂ ಕೆಂಗಣ್ಣು ಬಂದಿತ್ತಲ್ಲ, ಆಗ ಯಾರೋ ಬರೆದುಕೊಟ್ಟದ್ದು. ಹಾಕಿದ ಕೂಡಲೇ ಆರಾಮ ಆಗ್ತದೆ ಅಂತ ಮತ್ತೆ ಮತ್ತೆ ಮೆಡಿಕಲ್‌ನಿಂದ ತರ್ತಾನೆ.

ಆರು ಬೈ ಆರು

ಕಾಪುವಿನವರೇ, ಕಾಯಬೇಡಿ. ಮೊದಲು ಹೋಗಬೇಕಾದದ್ದು ತಮ್ಮ.

ಅದು ಸ್ಟಿರಾಯ್ಡ್. ತುರಿಕೆ, ಕೆಂಪು ಎಲ್ಲ ಬೇಗ ಇಳಿಸ್ತದೆ, ಹಾಗಾಗಿ ಜನ ಬಿಡುವುದಿಲ್ಲ. ಕೆಲವರಲ್ಲಿ ಅದು ಕಣ್ಣಿನ ಪ್ರೆಶರ್ ಏರಿಸ್ತದೆ, ತಿಂಗಳುಗಟ್ಟಲೆ ಹಾಕಿದರೆ ಪೊರೆಯನ್ನೂ ಬೇಗ ತರ್ತದೆ. ಹೀಗೆ ಪ್ರೆಶರ್ ಏರುವ ಸಂಭವ ಜಾಸ್ತಿ ಯಾರಿಗೆ ಗೊತ್ತುಂಟಾ? ಮನೆಯಲ್ಲಿ ಗ್ಲಾಕೋಮಾ ಇದ್ದವರಿಗೆ. ಇದನ್ನು ಓದಿದ ಕೂಡಲೇ ನೀವೇ ಬಾಟಲಿ ಕಸಕ್ಕೆ ಹಾಕುವುದಲ್ಲ, ಬಾಟಲಿ ಸಮೇತ ಅವನನ್ನು ನಾಳೆಯೇ ಕಣ್ಣಿನ ಡಾಕ್ಟರ ಹತ್ರ ಕಳಿಸಿ. ನಿಲ್ಲಿಸುವುದು, ಬದಲು ಕೊಡುವುದು ಅವರ ಕೆಲಸ. ಅಪ್ಪನಿಗೆ ಗ್ಲಾಕೋಮಾ ಅಂತ ಮೊದಲ ಮಾತಿನಲ್ಲೇ ಹೇಳಲಿ, ಕೇಳುವವರೆಗೆ ಕಾಯುವುದು ಬೇಡ.

ಎಲ್ಲಿಗೆ ಅಂದರೆ, ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಂಗಳೂರಿನ ವೆನ್ಲಾಕ್, ಇಲ್ಲವೇ ಯಾವುದಾದರೂ ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗ, ನಿಮಗೆ ಹತ್ತಿರ ಆಗುವುದಕ್ಕೆ. ಫೀಲ್ಡ್ ಟೆಸ್ಟ್ ಅಲ್ಲೇ ಆಗ್ತದಾ ಅಂತ ಮೊದಲೇ ಫೋನ್ ಮಾಡಿ ಕೇಳಿ, ಎರಡೆರಡು ಸಲ ತಿರುಗುವುದು ತಪ್ಪುತ್ತದೆ. ಪೇಟೆಯ ಕನ್ನಡಕದಂಗಡಿಯ ಕಂಪ್ಯೂಟರ್ ಟೆಸ್ಟಿಗೆ ಹೋಗಿ ‘ನೋಡಿಸಿ ಆಯ್ತು’ ಅನ್ನಬೇಡಿ, ಅದು ಪವರ್ ನೋಡುವ ಯಂತ್ರ.

ಬಿಜೈ ಬೇತಾಳ

ಇದಕ್ಕೆ ಮಾತ್ರ ನಾನು ಪೂರ್ತಿ ಆರು ಬೈ ಆರು ಅವರ ಪಕ್ಷ. ಚೀಟಿ ಇಲ್ಲದೆ ಕೊಡಬಾರದ ಮದ್ದನ್ನು ಪೆಪ್ಪರ್‌ಮಿಂಟ್ ಕೊಟ್ಟ ಹಾಗೆ ಕೊಡ್ತಾರಲ್ಲ ಮಾರಾಯ್ರೆ! ನಾನು ಆಸ್ಪತ್ರೆಗೆ ಬೈಯುವುದು, ಜನ ಆಸ್ಪತ್ರೆಗೆ ಹೆದರಿ ಮೆಡಿಕಲ್‌ನಲ್ಲೇ ಡಾಕ್ಟರ್ ಮಾಡಿಕೊಳ್ಳುವುದು, ಎರಡೂ ಒಂದೇ ಬೇರಿನದ್ದು ಅಂತ ಕಾಣ್ತದೆ. ತಮ್ಮನನ್ನು ಕಳಿಸಿ.

ನೀರ್‌ದೋಸೆ

ಟಿಪ್ಪರಿನವರು ಅಂದ್ರೆ ಲೈಸನ್ಸ್ ರಿನೀವಲ್‌ಗೆ ಮೆಡಿಕಲ್ ಸರ್ಟಿಫಿಕೇಟ್ ಬೇಕಲ್ವಾ? ಅದರಲ್ಲಿ ಕಣ್ಣು ನೋಡ್ತಾರಲ್ಲ?

ಸುರತ್ಕಲ್ ಸಕ್ಕರೆ

ಫಾರ್ಮ್ 1ಎ ಉಂಟು, ಅದರಲ್ಲಿ ದೃಷ್ಟಿಯ ಪ್ರಶ್ನೆಯೂ ಉಂಟು. ಎಷ್ಟು ಮಂದಿಯ ಕಣ್ಣನ್ನು ನಿಜವಾಗಿ ನೋಡಿ ಸಹಿ ಹಾಕ್ತಾರೆ ಅಂತ ಕೇಳಬೇಡಿ. ನೋಡಿದರೂ ಅಕ್ಷರ ಓದಿಸುವುದು, ಬಣ್ಣ ಕೇಳುವುದು. ಕಣ್ಣಿನ ಹಿಂದಿನ ನರ ಅಲ್ಲಿ ಯಾರಿಗೂ ಕಾಣುವುದಿಲ್ಲ.

ಕಾಪು ಕಡಲು

ಬಂದು ಹೇಳಬೇಕು ಅಂತಲೇ ಇದ್ದೆ, ಆಸ್ಪತ್ರೆ ಓಡಾಟದಲ್ಲಿ ತಡವಾಯ್ತು.

ತಮ್ಮನನ್ನು ಒಪ್ಪಿಸಿದ್ದು ಅಪ್ಪ. ‘ನೀನು ಬರದಿದ್ದರೆ ನಾನೂ ಡ್ರಾಪ್ಸ್ ಹಾಕುವುದಿಲ್ಲ’ ಅಂತ ಕೂತುಬಿಟ್ಟರು. ಪ್ರೆಶರ್ ಬಲಗಣ್ಣಲ್ಲಿ 34, ಎಡಗಣ್ಣಲ್ಲಿ 31. ಅವನಿಗೆ ನೋವಿಲ್ಲ, ಮಸುಕಿಲ್ಲ, ಓದಿಸಿದ್ದನ್ನೆಲ್ಲ ಕೊನೆಯ ಸಾಲಿನವರೆಗೆ ಓದಿದ. ಪುಣ್ಯಕ್ಕೆ ನರ ಇನ್ನೂ ಸರಿ ಉಂಟು, ಫೀಲ್ಡ್ ಟೆಸ್ಟಿನಲ್ಲೂ ಎಂತದೂ ಇಲ್ಲ. ಸ್ಟಿರಾಯ್ಡ್ ನಿಲ್ಲಿಸಿ ತುರಿಕೆಗೆ ಬೇರೆ ಡ್ರಾಪ್ಸ್, ಪ್ರೆಶರ್ ಇಳಿಸಲಿಕ್ಕೆ ಒಂದು, ಮತ್ತೆ ಟಿಪ್ಪರಲ್ಲಿ ಗಾಗಲ್ಸ್. ಬೇಗನೇ ಮತ್ತೆ ಕರೆದು ನೋಡಿದಾಗ ಇಳಿಯುತ್ತಾ ಬಂದಿದೆ. ಪ್ರೆಶರ್ ಪೂರ್ತಿ ಇಳಿದರೂ ವರ್ಷ ವರ್ಷ ಬರಬೇಕು ಅಂದಿದ್ದಾರೆ. ಮೆಡಿಕಲ್‌ನವರನ್ನು ಹೋಗಿ ಕೇಳಿ ಬಂದ ತಮ್ಮ; ಅವರು ‘ನೀವೇ ಕೇಳಿದ್ದಲ್ವಾ’ ಅಂದರಂತೆ.

ತಂಗಿಯದ್ದು ಎಲ್ಲ ಸರಿ. ಎರಡು ವರ್ಷ ಬಿಟ್ಟು ಬನ್ನಿ ಅಂದರು.

ನನ್ನದೇ ಸ್ವಲ್ಪ ತಲೆಬಿಸಿ. ಪ್ರೆಶರ್ 17, ಆದರೆ ನರದ ನಡುವಿನ ಗುಳಿ ಸ್ವಲ್ಪ ದೊಡ್ಡದು, ಸಸ್ಪೆಕ್ಟ್ ಅಂತ ಬರೆದಿದ್ದಾರೆ. ಫೀಲ್ಡ್ ಸರಿ ಉಂಟು. ಆರು ತಿಂಗಳಿಗೆ ಬನ್ನಿ ಅಂದರು. ಸಸ್ಪೆಕ್ಟ್ ಅಂದ್ರೆ ಮುಂದೆ ಬಂದೇ ಬರ್ತದೆ ಅಂತವಾ?

ಆರು ಬೈ ಆರು

ಅಲ್ಲ. ಹುಟ್ಟಿನಿಂದಲೇ ಗುಳಿ ದೊಡ್ಡ ಇರುವವರು ಬೇಕಾದಷ್ಟು ಮಂದಿ ಇದ್ದಾರೆ, ಸಸ್ಪೆಕ್ಟ್ ಅಂತ ಬರೆಸಿಕೊಂಡ ಹೆಚ್ಚಿನವರಿಗೆ ಗ್ಲಾಕೋಮಾ ಬರುವುದೇ ಇಲ್ಲ. ಒಂದು ದಿನ ನೋಡಿ ಉಂಟೋ ಇಲ್ಲವೋ ಅಂತ ಹೇಳಲಿಕ್ಕಾಗದ ಸಂದರ್ಭ ಇದು. ಇವತ್ತಿನದ್ದಕ್ಕೂ ಮುಂದಿನದ್ದಕ್ಕೂ ವ್ಯತ್ಯಾಸ ಬಂದರೆ ಆಗ ಅರ್ಥ. ಅದಕ್ಕೇ ನರದ ಫೋಟೋ, ಸ್ಕ್ಯಾನ್, ಫೀಲ್ಡ್ ಟೆಸ್ಟಿನ ಪ್ರಿಂಟ್ ಎಲ್ಲ ಕೇಳಿ ತಕ್ಕೊಳ್ಳಿ, ಒಂದೇ ಫೈಲಿನಲ್ಲಿ ಇಡಿ. ನಾಳೆ ಆಸ್ಪತ್ರೆ ಬದಲಿಸಿದರೂ, ಮದುವೆ ಆಗಿ ಬೆಂಗಳೂರಿಗೋ ದುಬೈಗೋ ಹೋದರೂ ಹೋಲಿಸಲಿಕ್ಕೆ ಹಳೆಯದ್ದು ಬೇಕು. ನಮ್ಮಲ್ಲಿ ಹೊಸ ಆಸ್ಪತ್ರೆಗೆ ಹೋಗುವಾಗ ಹಳೆ ಫೈಲು ಬಚ್ಚಿಡುವ ಅಭ್ಯಾಸ ಉಂಟು, ‘ಇವರು ಎಂತ ಹೇಳ್ತಾರೆ ನೋಡುವಾ’ ಅಂತ. ಕಣ್ಣಿನ ವಿಷಯದಲ್ಲಿ ಅದರಷ್ಟು ನಷ್ಟ ಬೇರೆ ಇಲ್ಲ.

ಕಾಪು ಕಡಲು

ಮದುವೆ ಆಗಿ ಹನ್ನೆರಡು ವರ್ಷ ಆಯ್ತು ಸಾರ್, ಕಾಪುವಿನಲ್ಲೇ ಇದ್ದೇನೆ. 😄 ಪ್ರಿಂಟ್ ತಕ್ಕೊಳ್ತೇನೆ.

ಬಂಟ್ವಾಳದ ಸೊಸೆ

ಅತ್ತೆಯನ್ನೂ ಕರ್ಕೊಂಡು ಹೋದೆ. ಪೊರೆ ಸುರುವಾಗಿದೆ ಅಂದರು. ಪೂರ್ತಿ ಮಾಗಿದ ಮೇಲೆ, ಮಳೆಗಾಲ ಕಳೆದು ಆಪರೇಶನ್ ಮಾಡಿಸುವಾ ಅಂತ ಮಾವ ಹೇಳ್ತಿದ್ದಾರೆ. ಸರಿಯಾ?

ಆರು ಬೈ ಆರು

ಮಾಗಲಿಕ್ಕೆ ಕಾಯಬೇಕಾಗಿಲ್ಲ. ಬೀಡಿ ಕಟ್ಟಲಿಕ್ಕೆ, ನಡೆದಾಡಲಿಕ್ಕೆ ತೊಂದರೆ ಆದಾಗ ಮಾಡಿಸಬಹುದು. ತೀರಾ ಬಲಿಯಲಿಕ್ಕೆ ಬಿಟ್ಟರೆ ಪೊರೆಯಿಂದಲೇ ಪ್ರೆಶರ್ ಏರಿ ಅಪಾಯ ಆಗುವುದುಂಟು. ಮಳೆಗಾಲಕ್ಕೂ ಆಪರೇಶನಿಗೂ ಸಂಬಂಧ ಇಲ್ಲ, ಈಗ ಎಲ್ಲ ಥಿಯೇಟರಿನ ಒಳಗೇ ಆಗುವುದು.

ಬಿಜೈ ಬೇತಾಳ

ಕಾಪುವಿನವರೇ, ಒಂದೇ ಪ್ರಶ್ನೆ. ಸಸ್ಪೆಕ್ಟ್ ಅಂತ ಬರೆದು ನಿಮಗೆ ಡ್ರಾಪ್ಸ್ ಸುರು ಮಾಡಿದರಾ?

ಕಾಪು ಕಡಲು

ಇಲ್ಲ. ನಾನೇ ಕೇಳಿದೆ, ಈಗ ಬೇಡ ಅಂದರು. ಕನ್ನಡಕವೂ ಬೇಡ ಅಂದರು.

ಬಿಜೈ ಬೇತಾಳ

ಹಾಗಾದರೆ ಆ ಡಾಕ್ಟರು ಅಡ್ಡಿಲ್ಲ. ಅವರು ಯಾವ ದಿನ ಸಿಗ್ತಾರೆ ಅಂತ ಸ್ವಲ್ಪ ಮೆಸೇಜ್ ಮಾಡಿ. ನನಗೆ 46. ಪ್ರತಿವರ್ಷ ಅಂತೂ ಹೋಗುವುದಿಲ್ಲ, ಈಗಲೇ ಹೇಳಿದ್ದೇನೆ.